ಕೋಟಾ ಕೊಟ್ಟವರ ಹೊಣೆ: ಸೈನಿಕನ ಕುಡಿತದ ಮೀಮಾಂಸೆ

ವಿಷಯ

ನಮ್ಮ ಸೈನಿಕನ ಕುಡಿತದ ಬಗ್ಗೆ ಸರ್ಕಾರ ಮೂರು ಕಡೆ ಮಾತಾಡಿದೆ. ಮೊದಲನೆಯದು ಕ್ಯಾಂಟೀನ್ ಕಾರ್ಡು. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಎಸ್‌ಡಿ, ಸೋಪು, ಕುಕ್ಕರು, ಫ್ರಿಜ್ಜುಗಳ ಜೊತೆಗೆ ರಮ್ಮು ವಿಸ್ಕಿಗಳನ್ನೂ ಹೊರಗಿನ ಅಂಗಡಿಗಿಂತ ಬಹಳ ಕಡಿಮೆ ಬೆಲೆಗೆ ಕೊಡುತ್ತದೆ. ಹುದ್ದೆಗೆ ತಕ್ಕಂತೆ ತಿಂಗಳ ಕೋಟಾ ಇದೆ. ನಿವೃತ್ತಿಯಾದ ಮೇಲೂ ಅದು ನಿಲ್ಲುವುದಿಲ್ಲ. ಎರಡನೆಯದು 1950ರ ಸೇನಾ ಕಾಯಿದೆಯ 48ನೇ ಕಲಂ. ಕರ್ತವ್ಯದಲ್ಲಿರಲಿ ಇಲ್ಲದಿರಲಿ, ಅಮಲೇರಿದ ಸ್ಥಿತಿಯಲ್ಲಿ ಸಿಕ್ಕಿದವನು ಅಪರಾಧಿ. ಅಧಿಕಾರಿಯಾದರೆ ವಜಾ ಆಗಬಹುದು, ಜವಾನನಾದರೆ ಜೈಲು ಕಾಣಬಹುದು. ಮೂರನೆಯದು ಅಂಗವೈಕಲ್ಯ ಪಿಂಚಣಿಯ ಅರ್ಹತಾ ನಿಯಮ. ಮದ್ಯ, ತಂಬಾಕು, ಮಾದಕ ವಸ್ತುಗಳ ಅತಿಸೇವನೆಯಿಂದ ಬಂದ ಕಾಯಿಲೆಗೆ ಪರಿಹಾರ ಇಲ್ಲ, ಯಾಕೆಂದರೆ ಅದು ಆ ವ್ಯಕ್ತಿಯ ಸ್ವಂತ ಹತೋಟಿಯಲ್ಲಿರುವ ಸಂಗತಿ ಎನ್ನುವುದು ಅದರ ತಾತ್ಪರ್ಯ.

ಒಂದು ಕಾಗದ ಕೊಡು ಎನ್ನುತ್ತದೆ, ಒಂದು ದಂಡಿಸು ಎನ್ನುತ್ತದೆ, ಇನ್ನೊಂದು ನಮಗೆ ಸಂಬಂಧವಿಲ್ಲ ಎನ್ನುತ್ತದೆ. ವಿಧಿ ನಿಷೇಧಗಳು ಹೀಗೆ ಎದುರುಬದುರು ನಿಂತಾಗ ಅವುಗಳ ನಡುವಿನ ಅರ್ಥ ಹುಡುಕುವುದೇ ನಮ್ಮ ಹಳೆಯ ಮೀಮಾಂಸಕರ ಕೆಲಸವಾಗಿತ್ತು. ಮೊದಲು ವಿಷಯ, ಆಮೇಲೆ ಸಂಶಯ, ಎದುರಾಳಿಯ ವಾದ, ಅದಕ್ಕೆ ಉತ್ತರ, ಕೊನೆಗೆ ಫಲ ಎಂಬ ಅವರ ಕ್ರಮ ಈ ಪ್ರಶ್ನೆಗೆ ಒಗ್ಗುತ್ತದೆ. ಭಾವಾವೇಶದಲ್ಲಿ ಮಾತಾಡುವವರು ಎರಡೂ ಕಡೆ ಇರುವುದರಿಂದ ಕ್ರಮ ಇನ್ನೂ ಹೆಚ್ಚು ಬೇಕು.

ಸಂಶಯ

ಕುಡಿದು ಮನಸ್ಸು ಕೆಡಿಸಿಕೊಂಡ ಸೈನಿಕ, ಅಥವಾ ಮನಸ್ಸು ಕೆಟ್ಟು ಕುಡಿತಕ್ಕೆ ಬಿದ್ದ ಸೈನಿಕ, ಉಣ್ಣುತ್ತಿರುವುದು ತನ್ನ ಶೀಲದ ಫಲವೋ, ಸೇವೆಯಲ್ಲಿ ಆದ ಗಾಯದ ಫಲವೋ? ಮೊದಲನೆಯದಾದರೆ ಶಿಕ್ಷೆ ಸರಿ, ಪಿಂಚಣಿ ಕೊಡದಿರುವುದೂ ಸರಿ. ಎರಡನೆಯದಾದರೆ ಅವನಿಗೆ ಸಲ್ಲಬೇಕಾದ್ದು ಚಿಕಿತ್ಸೆ. ಚಿಕಿತ್ಸೆಗೆ ಹೋದ ತಪ್ಪಿಗೆ ಅವನು ಏನನ್ನೂ ಕಳೆದುಕೊಳ್ಳಬಾರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎಲ್ಲ ಸೈನಿಕರೂ ಕುಡಿಯುವವರಲ್ಲ. ತೊಟ್ಟೂ ಮುಟ್ಟದವರು ಪ್ರತಿ ಪಲ್ಟನಿನಲ್ಲೂ ಇದ್ದಾರೆ. ಅವರ ಕೋಟಾ ನೆಂಟರ ಮದುವೆಗೋ ಮನೆ ಕಟ್ಟುವ ಮೇಸ್ತ್ರಿಗೋ ಹೋಗುತ್ತದೆ. ಕೊಡಗಿನಲ್ಲಿ ಸೇನೆಗೆ ಸೇರುವುದು ಮನೆತನದ ವಾಡಿಕೆ, ಹಬ್ಬಹರಿದಿನಗಳಲ್ಲಿ ಮದ್ಯವೂ ವಾಡಿಕೆ. ಆದರೆ ಆಚರಣೆಯ ಕುಡಿತಕ್ಕೆ ಹೊತ್ತುಗೊತ್ತು ಇರುತ್ತದೆ, ಸುತ್ತ ಮನೆಮಂದಿ ಇರುತ್ತಾರೆ, ಹಿರಿಯರ ಕಣ್ಣು ಇರುತ್ತದೆ. ನಾನು ಕೇಳುತ್ತಿರುವುದು ಆ ಕುಡಿತದ ಬಗ್ಗೆ ಅಲ್ಲ. ರಾತ್ರಿ ನಿದ್ದೆ ಬರಲೆಂದು, ಏನೋ ನೆನಪಾಗದಿರಲೆಂದು, ಒಬ್ಬನೇ ಕೂತು ಕುಡಿಯುವುದರ ಬಗ್ಗೆ.

ಪೂರ್ವಪಕ್ಷ

ಎದುರಾಳಿಯ ವಾದವನ್ನು ಅದರ ಪೂರ್ತಿ ಬಲದೊಂದಿಗೇ ಹೇಳುತ್ತೇನೆ. ಸೈನಿಕನಿಗೂ ಮದ್ಯಕ್ಕೂ ನಂಟು ಇಂದಿನದಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ದಿನದ ರಮ್ ಪಾಲು ಎರಡು ಶತಮಾನಕ್ಕೂ ಮಿಕ್ಕಿ ನಡೆಯಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ದಾಳಿಗೆ ಮುನ್ನ ರಮ್ ಹಂಚುತ್ತಿದ್ದರು. 1941ರಲ್ಲಿ ಸೋವಿಯತ್ ಸರ್ಕಾರ ಮುಂಚೂಣಿಯ ಪ್ರತಿ ಸೈನಿಕನಿಗೆ ದಿನಕ್ಕೆ 100 ಗ್ರಾಂ ವೋಡ್ಕಾ ಗೊತ್ತುಮಾಡಿತು. ನಮ್ಮಲ್ಲೂ ಎತ್ತರದ ಚಳಿಯ ಠಾಣೆಗಳಿಗೆ ರಮ್ ಹೋಗುತ್ತದೆ. ಚಳಿಗೆ ಬೆಚ್ಚಗೆ, ಭಯಕ್ಕೆ ಧೈರ್ಯ, ದಣಿವಿಗೆ ನಿದ್ದೆ. ಬಡಾಖಾನಾದ, ಅಂದರೆ ಪಲ್ಟನಿನ ಸಾಮೂಹಿಕ ಊಟದ, ದಿನ ಅಧಿಕಾರಿಯೂ ಜವಾನನೂ ಒಂದೇ ಶಾಮಿಯಾನದ ಕೆಳಗೆ ಲೋಟ ಎತ್ತಿದಾಗ ಹುಟ್ಟುವ ಸಲಿಗೆ ಬೇರೆ ಯಾವ ಭಾಷಣದಿಂದಲೂ ಹುಟ್ಟುವುದಿಲ್ಲ. ಇಷ್ಟು ಜನ ಕುಡಿದೂ ನೆಟ್ಟಗಿದ್ದಾರೆ ಎಂದಮೇಲೆ, ಕೆಟ್ಟವನೊಬ್ಬ ಕೆಟ್ಟದ್ದು ತನ್ನ ದೌರ್ಬಲ್ಯದಿಂದಲೇ. ಅವನ ಸಲುವಾಗಿ ಉಳಿದವರ ಸಂತೋಷವನ್ನೂ ಪಡೆಯ ಶಿಸ್ತನ್ನೂ ಯಾಕೆ ಬಲಿಕೊಡಬೇಕು?

ಈ ವಾದದಲ್ಲಿ ಬಡಾಖಾನಾದ ಮಾತನ್ನು ನಾನು ಒಪ್ಪುತ್ತೇನೆ. ಸಲಿಗೆಗೆ ಬೆಲೆ ಇದೆ. ಉಳಿದವು ನಿಲ್ಲುವುದಿಲ್ಲ.

ಚಳಿಯ ಮಾತು ಮೊದಲು, ಅದನ್ನು ಬೇಗ ಮುಗಿಸಬಹುದು. ಮದ್ಯ ಕುಡಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಬಿಸಿರಕ್ತ ಹೊರಮೈಗೆ ಬರುವುದರಿಂದ ಬೆಚ್ಚಗೆನಿಸುತ್ತದೆ; ಅದೇ ಕಾರಣಕ್ಕೆ ಒಡಲ ಶಾಖ ಬೇಗ ಸೋರಿಹೋಗುತ್ತದೆ. ಆಮ್ಲಜನಕ ಮೊದಲೇ ತೆಳುವಾಗಿರುವ ಎತ್ತರದಲ್ಲಿ ಉಸಿರಾಟವನ್ನೂ ಅದು ಮಂದ ಮಾಡುತ್ತದೆ. 1984ರಿಂದ ನಮ್ಮ ಪಡೆಗಳು ಕಾಯುತ್ತಿರುವ ಸಿಯಾಚಿನ್‌ನಂಥ ಜಾಗದಲ್ಲಿ ಬೆಚ್ಚಗೆನಿಸುವುದಕ್ಕೂ ಬೆಚ್ಚಗಿರುವುದಕ್ಕೂ ನಡುವಿನ ಅಂತರ ಎಂದರೆ ಬೆರಳುಗಳು ಉಳಿಯುವುದಕ್ಕೂ ಕೊಳೆಯುವುದಕ್ಕೂ ನಡುವಿನ ಅಂತರ.

ಇನ್ನು ಸಂಪ್ರದಾಯ. ಬ್ರಿಟಿಷ್ ನೌಕಾಪಡೆ 1970ರ ಜುಲೈ 31ರಂದು ರಮ್ ಪಾಲನ್ನು ನಿಲ್ಲಿಸಿತು. ಹಡಗಿನ ಯಂತ್ರಗಳೂ ಶಸ್ತ್ರಗಳೂ ಸೂಕ್ಷ್ಮವಾಗಿವೆ, ನಡುಹಗಲಿನ ರಮ್ಮಿಗೂ ಅವಕ್ಕೂ ಆಗಿಬರುವುದಿಲ್ಲ ಎಂಬ ಸರಳ ಕಾರಣಕ್ಕೆ. ನಾವಿಕರು ದುಃಖಪಟ್ಟರು, ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡರು. ಅದರಿಂದ ಆ ನೌಕಾಪಡೆಯ ಶೌರ್ಯ ಕುಂದಿತೆಂದು ಯಾರೂ ಹೇಳಲಿಲ್ಲ. ಹನ್ನೆರಡು ವರ್ಷಗಳ ಬಳಿಕ ಅದೇ ಪಡೆ ಫಾಕ್‌ಲ್ಯಾಂಡ್ ಯುದ್ಧಕ್ಕೆ ಅರ್ಧ ಭೂಮಿ ದಾಟಿ ಹೋಗಿ ಗೆದ್ದುಬಂತು.

ಉಳಿಯುವುದು ನಿದ್ದೆಯ ಮಾತು. ಅದೇ ಈ ಪ್ರಶ್ನೆಯ ಗಂಟು. ಅದನ್ನು ಸಿದ್ಧಾಂತದ ಒಳಗೇ ಬಿಚ್ಚಬೇಕು.

ಸಿದ್ಧಾಂತ

ನನ್ನ ನಿಲುವು ಇದು. ಸೇನೆ ಸೈನಿಕನಿಗೆ ಬಾಟಲಿ ಸಿಗುವುದನ್ನು ಸುಲಭ ಮಾಡಿದೆ, ಅವನು ಬಾಯಿ ಬಿಡುವುದನ್ನು ದುಬಾರಿ ಮಾಡಿದೆ. ಈ ಎರಡರ ನಡುವೆ ಸಿಕ್ಕಿ ಬೆಳೆದ ಕುಡಿತ ಸೇವೆಯಲ್ಲಿ ಆದ ಗಾಯ. ಗಾಯಕ್ಕೆ ಕೊಡುವ ಉಪಚಾರವೇ ಅದಕ್ಕೂ ಸಲ್ಲಬೇಕು.

ಬಾಯಿ ಬಿಡುವುದರ ಬೆಲೆ ಎಷ್ಟೆಂದು ನೋಡೋಣ. ಸೇನೆಯಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನೂ ಐದು ಅಂಶಗಳಲ್ಲಿ ಅಳೆಯುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು. ಐದರಲ್ಲೂ ಮೊದಲ ದರ್ಜೆ ಇದ್ದವನು ‘ಶೇಪ್ ಒನ್’. ಬಡ್ತಿಗೆ, ಒಳ್ಳೆಯ ಕೋರ್ಸಿಗೆ, ವಿಶ್ವಸಂಸ್ಥೆಯ ಶಾಂತಿಪಡೆಗೆ, ಸೇವಾವಧಿ ವಿಸ್ತರಣೆಗೆ ಬಹುಮಟ್ಟಿಗೆ ಆ ಮಾತು ಬೇಕು. ಐದರಲ್ಲಿ ಮೊದಲನೆಯದೇ ಮನಸ್ಸು. ಅಲ್ಲಿ ದರ್ಜೆ ಇಳಿದರೆ ಆಯುಧ ಕೈಗೆ ಕೊಡುವುದಿಲ್ಲ, ಒಬ್ಬನನ್ನೇ ಬಿಡುವುದಿಲ್ಲ. ಮಂಡಿ ಜಾರಿ ದರ್ಜೆ ಇಳಿದವನ ಬಗ್ಗೆ ಜೊತೆಗಾರರಿಗೆ ಮರುಕ ಇರುತ್ತದೆ. ಮನಸ್ಸಿನ ಕಾರಣಕ್ಕೆ ಇಳಿದವನನ್ನು ಊಟದ ಸಾಲಿನಲ್ಲಿ ಬೇರೆ ಕಣ್ಣಿನಿಂದ ನೋಡುತ್ತಾರೆ. ಮೇಲಾಗಿ, ಮನೋವೈದ್ಯರ ಹತ್ತಿರ ಹೋಗುವವನ ಜೊತೆಗೆ ಅವನ ನಡತೆಯ ಬಗ್ಗೆ ಕಮಾಂಡಿಂಗ್ ಅಧಿಕಾರಿಯ ವರದಿಯ ನಮೂನೆಯೂ ಹೋಗುತ್ತದೆ. ವೈದ್ಯರಿಗೆ ಆ ವರದಿ ಉಪಯುಕ್ತ ನಿಜ. ಒಬ್ಬ ಮನುಷ್ಯ ಹೊರಗೆ ಹೇಗಿರುತ್ತಾನೆ ಎಂಬುದು ಆಸ್ಪತ್ರೆಯ ಕೋಣೆಯಲ್ಲಿ ಕಾಣುವುದಿಲ್ಲ. ಆದರೆ ನಾಯಕನಿಗೆ ತಿಳಿಯದಂತೆ ನೋವು ಹೇಳಿಕೊಳ್ಳುವ ದಾರಿ ಇಲ್ಲ ಎಂದೇ ಜವಾನ ಅದನ್ನು ಓದಿಕೊಳ್ಳುತ್ತಾನೆ. ಬಾಯಿ ಮುಚ್ಚಿಕೊಳ್ಳುತ್ತಾನೆ.

ಏನಿದೆ ಅಂಥ ನೋವು ಎಂದು ಕೇಳಬಹುದು. ಯುದ್ಧವನ್ನೇ ನೋಡದವರು ಹೆಚ್ಚು ಎನ್ನಬಹುದು. ಬಿಜಾಪುರ ಕಡೆಯ ಹಳ್ಳಿಯ ಒಬ್ಬ ನಾಯಕನನ್ನು, ಅಂದರೆ ತೋಳಲ್ಲಿ ಎರಡು ಪಟ್ಟಿಯವನನ್ನು, ಕಣ್ಣ ಮುಂದೆ ತಂದುಕೊಳ್ಳಿ. ಅವನು ಕುಪ್ವಾರದ ಗಡಿಠಾಣೆಯಲ್ಲಿದ್ದಾನೆ. ರಾತ್ರಿ ಎರಡರಿಂದ ನಾಲ್ಕು ಸಂತ್ರಿ ಡ್ಯೂಟಿ. ಅದಕ್ಕೆ ಮುನ್ನ ಸಿಗ್ನಲ್ ಸಿಗುವ ಬಂಡೆಯ ಹತ್ತಿರ ನಿಂತು ಮನೆಗೆ ಫೋನ್ ಮಾಡಿದ್ದಾನೆ. ಹೆಂಡತಿ ಹೇಳುತ್ತಾಳೆ: ಪಕ್ಕದ ಹೊಲದವರು ಬದು ಒಡೆದು ಎರಡು ಸಾಲು ಒಳಗೆ ಬಿತ್ತಿದ್ದಾರೆ, ಕೇಳಲು ಹೋದ ಮಾವನನ್ನು ಹೊಡೆದಿದ್ದಾರೆ, ತಲಾಠಿ ಬರುತ್ತೇನೆಂದವನು ಬಂದಿಲ್ಲ, ನೀವು ಯಾವಾಗ ಬರುತ್ತೀರಿ? ಅವನ ರಜೆ ಇನ್ನೂ ಮೂರು ತಿಂಗಳು ದೂರ. ಹಿಂದಿನವರಿಗೆ ಇಂಥ ಸುದ್ದಿ ಇಪ್ಪತ್ತು ದಿನ ತಡವಾಗಿ ಇನ್‌ಲ್ಯಾಂಡ್ ಪತ್ರದಲ್ಲಿ ಬರುತ್ತಿತ್ತು, ಅಷ್ಟರಲ್ಲಿ ಊರಿನ ಹಿರಿಯರು ಏನಾದರೂ ಮಾಡಿರುತ್ತಿದ್ದರು. ಈಗ ಹೆಂಡತಿಯ ಅಳು ನೇರ ಬಂಕರಿನೊಳಗೆ ಬರುತ್ತದೆ. ಕೈಯಲ್ಲಿ ತುಂಬಿದ ರೈಫಲ್ ಇದೆ, ಮಾಡಲು ಏನೂ ಇಲ್ಲ. ಸಿಟ್ಟು, ನಾಚಿಕೆ, ನಿದ್ದೆಗೇಡು. ಇದಕ್ಕೆ ಗುಂಡಿನ ಸದ್ದು ಬೇಕಾಗಿಲ್ಲ. ಭಾರತದ ಸೈನಿಕನ ಮನಸ್ಸನ್ನು ಮುರಿಯುವವುಗಳಲ್ಲಿ ಜಮೀನು ವ್ಯಾಜ್ಯ, ಸಿಗದ ರಜೆ, ಮೇಲಿನವರ ಅವಮಾನ, ಮುರಿದ ನಿದ್ದೆ ದೊಡ್ಡ ಪಾಲು ಪಡೆದಿವೆ.

ಈಗ ನಿದ್ದೆಯ ಗಂಟಿಗೆ ಬರೋಣ. ಮದ್ಯ ಮಿದುಳಿನ ಎಚ್ಚರವನ್ನು ತಗ್ಗಿಸುತ್ತದೆ, ಹಾಗಾಗಿ ಕುಡಿದವನು ಬೇಗ ಮಲಗುತ್ತಾನೆ. ರಾತ್ರಿಯ ಮೊದಲ ಭಾಗದಲ್ಲಿ ಕನಸಿನ ನಿದ್ದೆಯನ್ನು ಅದು ಒತ್ತಿಹಿಡಿಯುತ್ತದೆ. ಅಮಲು ಇಳಿದ ಮೇಲೆ, ನಡುರಾತ್ರಿ ದಾಟಿದ ಹೊತ್ತಿಗೆ, ಒತ್ತಿಹಿಡಿದ ಕನಸುಗಳು ಬಡ್ಡಿಸಮೇತ ಬರುತ್ತವೆ. ಬೆವರು, ಎದೆಬಡಿತ, ಬೆಚ್ಚಿಬಿದ್ದು ಏಳುವುದು. ಮಾರನೇ ರಾತ್ರಿ ಅದನ್ನು ತಪ್ಪಿಸಲು ಇನ್ನೊಂದು ಪೆಗ್ಗು ಹೆಚ್ಚು ಬೇಕಾಗುತ್ತದೆ. ವಾರಗಳು ಕಳೆದಂತೆ ಮಿದುಳು ಮದ್ಯ ಇದ್ದೇ ಇರುತ್ತದೆಂದು ತನ್ನನ್ನು ಹೊಂದಿಸಿಕೊಳ್ಳುತ್ತದೆ, ಅದಿಲ್ಲದ ಹೊತ್ತಿನಲ್ಲಿ ಗಾಬರಿಗೊಳ್ಳುತ್ತದೆ. ಆ ಗಾಬರಿಯನ್ನು ಸೈನಿಕ ತನ್ನ ಹಳೆಯ ಚಿಂತೆಯೆಂದೇ ತಿಳಿಯುತ್ತಾನೆ, ಮದ್ಯವೇ ಅದಕ್ಕೆ ಔಷಧಿ ಎಂದು ನಂಬುತ್ತಾನೆ. ಮನಸ್ಸು ಕೆಟ್ಟು ಕುಡಿದನೋ, ಕುಡಿದು ಮನಸ್ಸು ಕೆಟ್ಟಿತೋ ಎಂಬ ಪ್ರಶ್ನೆ ಈ ಹಂತದಲ್ಲಿ ಉತ್ತರ ಕಳೆದುಕೊಳ್ಳುತ್ತದೆ. ಎರಡೂ ಒಂದನ್ನೊಂದು ಬೆಳೆಸುತ್ತಿರುತ್ತವೆ.

ಬೇರೆ ಸೇನೆಗಳ ಲೆಕ್ಕ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪರೀಕ್ಷೆಯಲ್ಲಿ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಗೆರೆ ದಾಟಿದೆ ಎಂದರ್ಥ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟಿಷ್ ಪಡೆಗಳ ಗಂಡಸರಲ್ಲಿ ಶೇ. 67 ಮಂದಿ ಆ ಗೆರೆಯ ಮೇಲಿದ್ದರು. ಹೊರಗಿನ ಸಮಾಜದ ಗಂಡಸರಲ್ಲಿ ಶೇ. 38. ಹೆಂಗಸರಲ್ಲಿ ಶೇ. 49ಕ್ಕೆ ಎದುರು ಶೇ. 16. ಇರಾಕ್, ಅಫ್ಘಾನಿಸ್ತಾನ ನಿಯೋಜನೆಗಳ ಪರಿಣಾಮದ ಬಗ್ಗೆ ಅದೇ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ, ಜನ ಪಿಟಿಎಸ್‌ಡಿ ಎನ್ನುವುದು, ಶೇ. 4 ಮಂದಿಯಲ್ಲಿ ಕಂಡಿತು. ಇನ್ನೂ ಎತ್ತರದ ಗೆರೆ ಇಟ್ಟು ಅಳೆದ ಮದ್ಯದ ದುರ್ಬಳಕೆ ಶೇ. 13ರಲ್ಲಿ. ಪತ್ರಿಕೆಗಳೂ ಸಿನಿಮಾಗಳೂ ಬರೆಯುವುದು ಮೊದಲನೆಯದರ ಬಗ್ಗೆ, ಆಸ್ಪತ್ರೆಗೆ ಬರದೆ ಉಳಿಯುವುದು ಎರಡನೆಯದು.

ಆಕ್ಷೇಪಗಳು

“ಕೆಲವರು ಹುಟ್ಟಿನಿಂದಲೇ ಹಾಗೆ. ಸೇನೆಗೆ ಬರದಿದ್ದರೂ ಅವರು ಕುಡಿಯುತ್ತಿದ್ದರು.” ಇದರಲ್ಲಿ ಸ್ವಲ್ಪ ನಿಜವಿದೆ. ಅವಳಿಗಳ ಅಧ್ಯಯನಗಳು ಮದ್ಯವ್ಯಸನದ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ ಎನ್ನುತ್ತವೆ. ಇನ್ನರ್ಧ? ಅದಕ್ಕೆ ವಿಯೆಟ್ನಾಂ ಉತ್ತರ ಕೊಟ್ಟಿದೆ. 1971ರಲ್ಲಿ ಅಲ್ಲಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಬೆನ್ನುಹತ್ತಿ ನೋಡಿದರು. ಸುಮಾರು ಐವರಲ್ಲಿ ಒಬ್ಬರು ಅಲ್ಲಿದ್ದಾಗ ಹೆರಾಯಿನ್ ಇತ್ಯಾದಿಗಳಿಗೆ ದಾಸರಾಗಿದ್ದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಆ ದಾಸರ ಪೈಕಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಮನುಷ್ಯ ಅವನೇ, ರಕ್ತ ಅದೇ. ಬದಲಾದದ್ದು ಜಾಗ, ಸಿಗುವ ಸರಕು, ಸುತ್ತಲಿನ ಜನ. ಹೆರಾಯಿನ್ ಯುದ್ಧಭೂಮಿಯಲ್ಲೇ ಉಳಿಯಿತು, ಅವರು ಮನೆಗೆ ಬಂದರು. ನಮ್ಮ ಸೈನಿಕನ ಮದ್ಯ ಅವನ ಜೊತೆಯಲ್ಲೇ ಮನೆಗೆ ಬರುತ್ತದೆ, ಕಾರ್ಡಿನ ರೂಪದಲ್ಲಿ.

ಇನ್ನೊಂದು ಮಾತೂ ಇದೆ. ಭರ್ತಿಯ ದಿನ ಸೇನೆಯ ವೈದ್ಯರೇ ಇವನ ಎದೆ, ಕಣ್ಣು, ನರ, ನಡೆ ಎಲ್ಲ ನೋಡಿ ಗಟ್ಟಿಯಾಗಿದ್ದಾನೆ ಎಂದು ಸಹಿ ಮಾಡಿದ್ದಾರೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಸೇರುವಾಗ ಕಾಯಿಲೆಯನ್ನು ಬರೆದಿಡದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊರೆ ಸೇನೆಯದು, ಸೈನಿಕನದಲ್ಲ. ಆ ಪ್ರಕರಣ ಮೂರ್ಛೆರೋಗದ್ದು, ಕುಡಿತದ್ದಲ್ಲ. ಆದರೆ ಅದರ ಹಿಂದಿನ ನ್ಯಾಯ ಮೂರ್ಛೆಗಷ್ಟೇ ಯಾಕೆ ನಿಲ್ಲಬೇಕು ಎಂದು ಕೇಳುವ ಹಕ್ಕು ನಮಗಿದೆ. ಕುಡಿತ ಸ್ವಂತ ಹತೋಟಿಯ ಸಂಗತಿ ಎಂಬ ನಿಯಮ ಮೊದಲ ಲೋಟಕ್ಕೆ ಸರಿ. ಕೈನಡುಕ ನಿಲ್ಲಿಸಲು ಬೆಳಿಗ್ಗೆ ಆರಕ್ಕೆ ಕುಡಿಯುವವನಿಗೆ ಅದು ಸರಿಯಲ್ಲ. ಹತೋಟಿ ತಪ್ಪುವುದೇ ಆ ಕಾಯಿಲೆಯ ಲಕ್ಷಣ.

“ಹಾಗಾದರೆ ಮದ್ಯವನ್ನೇ ನಿಲ್ಲಿಸಿಬಿಡಿ.” ಇದು ಎದುರು ದಿಕ್ಕಿನಿಂದ ಬರುವ ಆಕ್ಷೇಪ. ಒಳ್ಳೆಯ ಮನಸ್ಸಿನವರೇ ಇದನ್ನು ಹೇಳುವುದರಿಂದ ಇದಕ್ಕೆ ನಿಧಾನವಾಗಿ ಉತ್ತರಿಸಬೇಕು.

ಮಹಾಭಾರತದ ಮೌಸಲ ಪರ್ವವನ್ನು ನೆನೆಯಿರಿ. ಕುರುಕ್ಷೇತ್ರ ಮುಗಿದು 36 ವರ್ಷ. ಋಷಿಗಳ ಶಾಪಕ್ಕೆ ಹೆದರಿ ದ್ವಾರಕೆಯಲ್ಲಿ ಡಂಗುರ ಸಾರುತ್ತಾರೆ: ಯಾರೂ ಮದ್ಯ ತಯಾರಿಸಕೂಡದು, ತಪ್ಪಿದವನಿಗೂ ಅವನ ಬಂಧುಗಳಿಗೂ ಶೂಲ. ಇದಕ್ಕಿಂತ ಕಠಿಣ ಪಾನನಿಷೇಧ ಇನ್ನೊಂದಿಲ್ಲ. ಆದರೂ ಪ್ರಭಾಸ ತೀರ್ಥಕ್ಕೆ ಹೋದ ಯಾದವರು ಅಲ್ಲಿ ಕಂಠಮಟ್ಟ ಕುಡಿಯುತ್ತಾರೆ. ಕುಡಿದ ಮೇಲೆ ಅವರ ಬಾಯಿಂದ ಬರುವುದು ಏನು? ಸಾತ್ಯಕಿ ಕೃತವರ್ಮನನ್ನು ಹಂಗಿಸುತ್ತಾನೆ: ಮಲಗಿದ್ದವರನ್ನು ರಾತ್ರಿ ಕೊಂದವನು ನೀನು. ಕೃತವರ್ಮ ತಿರುಗಿ ಹಂಗಿಸುತ್ತಾನೆ: ತೋಳು ಕಡಿದುಹೋಗಿ ಪ್ರಾಯೋಪವೇಶಕ್ಕೆ ಕೂತಿದ್ದ ಭೂರಿಶ್ರವನ ಕತ್ತು ಕಡಿದವನು ನೀನು. ಮೂವತ್ತಾರು ವರ್ಷ ಇಬ್ಬರೂ ಒಂದೇ ಊರಿನಲ್ಲಿದ್ದರು, ಒಂದೇ ಸಭೆಯಲ್ಲಿ ಕೂರುತ್ತಿದ್ದರು. ಯುದ್ಧದಲ್ಲಿ ತಾವು ಮಾಡಿದ, ಕಂಡ ಅಧರ್ಮದ ಬಗ್ಗೆ ಒಂದು ಮಾತನ್ನೂ ಸಮಾಧಾನದಿಂದ ಆಡಿಕೊಂಡಿರಲಿಲ್ಲ. ಮದ್ಯ ಆ ಕಟ್ಟನ್ನು ಒಡೆಯಿತು, ಸಾತ್ಯಕಿ ಕತ್ತಿ ಎತ್ತಿದ, ಕುಲವೇ ಮುಗಿಯಿತು. ದ್ವಾರಕೆಯವರು ಮದ್ಯದ ಮೇಲೆ ಕಾವಲು ಹಾಕಿದರು. ಆ ಹಳೆಯ ನೆನಪುಗಳಿಗೆ ಯಾರೂ ಕಿವಿಗೊಡಲಿಲ್ಲ. ಯುದ್ಧದ ಮನೋವಿಜ್ಞಾನ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಹತ್ತಿರದ ಕಾಲದಲ್ಲೂ ಹೀಗೇ. ಇರಾಕಿನಲ್ಲಿದ್ದ ಅಮೆರಿಕದ ಪಡೆಗಳಿಗೆ ಮದ್ಯ ಪೂರ್ತಿ ನಿಷಿದ್ಧವಾಗಿತ್ತು. ಆದರೆ ಕಾಳಗ ಕಂಡು ಮರಳಿದ ಮೀಸಲು ಪಡೆಯವರಲ್ಲಿ ಹೊಸದಾಗಿ ವಿಪರೀತ ಕುಡಿತ ಶುರುವಾದದ್ದನ್ನು 2008ರ ದೊಡ್ಡ ಅಧ್ಯಯನವೊಂದು ಗುರುತಿಸಿತು. ಠಾಣೆಯಲ್ಲಿ ಬಾಗಿಲು ಹಾಕಿದ್ದು ಮನೆಯಲ್ಲಿ ತೆರೆಯಿತು.

ಥಟ್ಟನೆ ನಿಲ್ಲಿಸುವುದರ ದೈಹಿಕ ಅಪಾಯವೂ ಚಿಕ್ಕದಲ್ಲ. ಇಂಥ ಚಿತ್ರ ಮನೋವೈದ್ಯರಿಗೆಲ್ಲ ಪರಿಚಿತ: ಕಾಲು ಮುರಿದು ಆಸ್ಪತ್ರೆ ಸೇರಿದ ಒಬ್ಬ ಹವಾಲ್ದಾರ. ಕುಡಿಯುತ್ತೀರಾ ಎಂದು ಕೇಳಿದಾಗ “ಯಾವಾಗಾದರೊಮ್ಮೆ ಸಾರ್” ಎಂದಿದ್ದಾನೆ. ಮೊದಲ ದಿನ ಸಲೀಸು. ಎರಡನೇ ದಿನ ಬೆರಳು ನಡುಗಿ ಚಹಾ ಹೊದಿಕೆಯ ಮೇಲೆ ಚೆಲ್ಲುತ್ತದೆ, ಬನಿಯನ್ನು ಬೆವರಿನಲ್ಲಿ ತೊಯ್ಯುತ್ತದೆ. ಮೂರನೇ ರಾತ್ರಿ ಹಾಸಿಗೆ ತುಂಬ ಇರುವೆ ಎಂದು ಕೊಡವತೊಡಗುತ್ತಾನೆ, ಪ್ಲಾಸ್ಟರಿನ ಕಾಲನ್ನೇ ಊರಿ ಎದ್ದು ನಿಲ್ಲುತ್ತಾನೆ, ಪಕ್ಕದ ರೋಗಿಯ ಕಡೆ ಕೈಚಾಚಿ “ಥಮ್, ಕೌನ್ ಆತಾ ಹೈ” ಎಂದು ಸಂತ್ರಿಯ ಸವಾಲು ಹಾಕುತ್ತಾನೆ. ಸಕಾಲಕ್ಕೆ ಶಮನಕಾರಿ ಔಷಧಿಯೂ ಥಯಾಮಿನ್ ಚುಚ್ಚುಮದ್ದೂ ಸಿಗದಿದ್ದರೆ ಈ ಸ್ಥಿತಿ ಕೊಲ್ಲಬಲ್ಲದು. ಅವನು ಮೊದಲ ದಿನವೇ ನಿಜ ಹೇಳಿದ್ದರೆ ಕೆಲವು ಮಾತ್ರೆಗಳಲ್ಲಿ ಇದನ್ನೆಲ್ಲ ತಪ್ಪಿಸಬಹುದಿತ್ತು. ಯಾಕೆ ಹೇಳಲಿಲ್ಲ ಎಂಬುದು ಈ ಹೊತ್ತಿಗೆ ಓದುಗರಿಗೆ ತಿಳಿದಿದೆ.

ಹಾಗೆಂದು ಕೋಟಾ ಈಗಿರುವಂತೆಯೇ ಇರಲಿ ಎಂದು ನಾನು ವಾದಿಸುವುದಿಲ್ಲ. ಅಗ್ಗವಾದಷ್ಟೂ, ಹತ್ತಿರವಿದ್ದಷ್ಟೂ ಕುಡಿತ ಹೆಚ್ಚುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಇದಕ್ಕಿಂತ ಗಟ್ಟಿಯಾದ ತಿಳಿವಳಿಕೆ ಕಡಿಮೆ. ರಿಯಾಯಿತಿಯನ್ನು ರಮ್ಮಿನಿಂದ ಬಿಡಿಸಿ ಮಕ್ಕಳ ಫೀಸಿಗೋ ರೈಲಿನ ಟಿಕೆಟ್ಟಿಗೋ ಕೊಟ್ಟರೆ ಸೈನಿಕನ ಮನೆಯವರು ಬೇಡ ಎನ್ನಲಾರರು. ಆದರೆ ಅದು ಎರಡನೇ ಹೆಜ್ಜೆ. ಬಾಯಿ ಬಿಡುವ ದಾರಿ ತೆರೆಯದೆ ಬಾಟಲಿಯನ್ನಷ್ಟೇ ಕಿತ್ತುಕೊಂಡರೆ ಕಂಟ್ರಿ ಸರಕು ಬರುತ್ತದೆ.

“ದಾರಿ ತೆರೆದರೆ ಮೈಗಳ್ಳರು ನುಗ್ಗುತ್ತಾರೆ, ಕಷ್ಟದ ಠಾಣೆ ತಪ್ಪಿಸಿಕೊಳ್ಳಲು ಎಲ್ಲರೂ ಕುಡುಕರಾಗುತ್ತಾರೆ.” ಕಮಾಂಡಿಂಗ್ ಅಧಿಕಾರಿಗಳ ನಿಜವಾದ ಭಯ ಇದು, ಇದನ್ನು ತಳ್ಳಿಹಾಕಬಾರದು. ಒಬ್ಬ ಕಡಿಮೆಯಾದರೆ ಅವನ ಸಂತ್ರಿ ಡ್ಯೂಟಿ ಇನ್ನೊಬ್ಬನ ಹೆಗಲಿಗೆ ಬೀಳುತ್ತದೆ. ಆದರೆ ಮೈಗಳ್ಳ ಆರಿಸಿಕೊಳ್ಳುವುದು ಬೆನ್ನುನೋವನ್ನು. ಕುಡಿತದ ಹೆಸರು ಅವಮಾನದ ಹೆಸರು, ಅದನ್ನು ಯಾರೂ ಬೇಕೆಂದು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಅಮೆರಿಕದ ಸೇನೆ 2019ರಲ್ಲಿ ಒಂದು ನೀತಿ ತಂದಿತು: ಯಾವ ಅನಾಹುತವೂ ಆಗುವ ಮೊದಲೇ ತಾನಾಗಿ ಬಂದು ಕುಡಿತಕ್ಕೆ ಚಿಕಿತ್ಸೆ ಕೇಳಿದವನನ್ನು ಕಡ್ಡಾಯ ಕಾರ್ಯಕ್ರಮಕ್ಕೆ ತಳ್ಳಬೇಕಿಲ್ಲ, ಅದೊಂದೇ ಕಾರಣಕ್ಕೆ ಅವನು ನಿಯೋಜನೆಗೆ ಅನರ್ಹನಾಗುವುದಿಲ್ಲ. ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ ಬೆಳೆದ ‘ಟ್ರಿಮ್’ ಪದ್ಧತಿಯಲ್ಲಿ ವೈದ್ಯರಲ್ಲದ ಸಹಸೈನಿಕರಿಗೇ ತರಬೇತಿ ಕೊಟ್ಟು, ಆಘಾತದ ಘಟನೆಯ ನಂತರ ಜೊತೆಗಾರನೊಂದಿಗೆ ಕೂತು ಮಾತಾಡಿಸುತ್ತಾರೆ. ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಬಡ್ಡಿ, ಅಂದರೆ ಜೋಡಿದಾರ, ಇದ್ದೇ ಇರುತ್ತಾನೆ. ಅವನಿಗೇ ಎಲ್ಲ ಗೊತ್ತಿರುವುದು. ಗೊತ್ತಿದ್ದೂ ಸುಮ್ಮನಿರುವುದು ಗೆಳೆಯನನ್ನು ಶಿಕ್ಷೆಗೆ ಒಪ್ಪಿಸಬಾರದೆಂಬ ನಿಷ್ಠೆಯಿಂದ. ಶಿಕ್ಷೆಯ ಭಯ ತೆಗೆದರೆ ಅದೇ ನಿಷ್ಠೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದೆ. ಬಚ್ಚಿಟ್ಟು ಕುಡಿಯುವವನ ಕೈಯಲ್ಲಿ ರೈಫಲ್ ಇರುವುದು, ಹೇಳಿಕೊಂಡು ಚಿಕಿತ್ಸೆ ಪಡೆಯುವವನ ಕೈಯಲ್ಲಿ ಕೆಲವು ವಾರ ರೈಫಲ್ ಇಲ್ಲದಿರುವುದು, ಇವೆರಡರಲ್ಲಿ ಪಡೆಗೆ ಯಾವುದು ಕ್ಷೇಮ?

“ಹಾಗಾದರೆ ಕುಡಿದವನಿಗೆ ಹೊಣೆಯೇ ಇಲ್ಲವೆ? ಹೆಂಡತಿಯನ್ನು ಹೊಡೆದರೂ ಸೇವೆಯ ಗಾಯ ಎನ್ನುತ್ತೀರಾ?” ಇಲ್ಲ. ಹೊಡೆದದ್ದು ಹೊಡೆದದ್ದೇ, ಅದಕ್ಕೆ ಕಾನೂನಿದೆ, ಅದು ನಡೆಯಲೇಬೇಕು. ಕಾಯಿಲೆಗೆ ಚಿಕಿತ್ಸೆ ಕೊಡುವುದೂ ಅಪರಾಧಕ್ಕೆ ಶಿಕ್ಷೆ ಕೊಡುವುದೂ ಒಟ್ಟಿಗೇ ನಡೆಯಬಹುದು. ನಾನು ವಿರೋಧಿಸುವುದು ಕಾಯಿಲೆಯನ್ನೇ ಅಪರಾಧವೆನ್ನುವುದನ್ನು. ಈ ಆಕ್ಷೇಪದೊಳಗೆ ಹೆಂಡತಿ ಬಂದದ್ದು ಒಳ್ಳೆಯದಾಯಿತು, ಯಾಕೆಂದರೆ ಕಾಯಿಲೆಯನ್ನು ಮೊದಲು ಗುರುತಿಸುವವಳು ಅವಳೇ. ರಜೆಗೆ ಬಂದ ಗಂಡ ರಾತ್ರಿ ಎದ್ದು ಕೂರುವುದನ್ನು, ಮಗುವಿನ ಮೇಲೆ ರೇಗುವುದನ್ನು, ಸ್ನಾನಕ್ಕೆ ಮುನ್ನ ಬೀರುವಿನ ಹಿಂದೆ ಕೈ ಹಾಕುವುದನ್ನು ಕಂಡವಳು ಅವಳು. ಅವಳು ಯಾರಿಗೆ ಹೇಳಬೇಕು? ಪಲ್ಟನಿಗೆ ಪತ್ರ ಬರೆದರೆ ಗಂಡನ ಬಡ್ತಿ ಹೋಗುತ್ತದೆ, ಅದರೊಂದಿಗೆ ತನ್ನ ಮನೆಯ ಕಂತೂ. ಅವಳ ಬಾಯಿಗೂ ಅದೇ ಬೆಲೆಯ ಬೀಗ ಬಿದ್ದಿದೆ.

ಫಲ

ಇಷ್ಟು ಒಪ್ಪಿದರೆ ಮೊದಲು ಹೇಳಿದ ಮೂರು ಕಾಗದಗಳಿಗೆ ಏನಾಗಬೇಕು? 48ನೇ ಕಲಂ ಇರಲಿ; ಕುಡಿದು ಆಯುಧ ಹಿಡಿದವನನ್ನು, ವಾಹನ ಓಡಿಸಿದವನನ್ನು ತಡೆಯಲು ಅದು ಬೇಕು. ತಾನಾಗಿ ಬಂದು ಹೇಳಿಕೊಂಡವನಿಗೆ ಅದು ತಗುಲಬಾರದು ಎಂಬ ಒಂದು ಸಾಲು ಸೇರಲಿ. ಪಿಂಚಣಿಯ ನಿಯಮ ಬದಲಾಗಬೇಕು: ಕಾಳಗ, ಎತ್ತರದ ಠಾಣೆ, ಭಯೋತ್ಪಾದನೆ ಎದುರಿಸುವ ನಿಯೋಜನೆಗಳ ಬಳಿಕ ಕಾಣಿಸಿಕೊಂಡ ಮದ್ಯವ್ಯಸನವನ್ನು ಅದರ ಜೊತೆಗಿರುವ ಖಿನ್ನತೆ, ಆತಂಕಗಳಿಂದ ಬೇರ್ಪಡಿಸಿ ತಿರಸ್ಕರಿಸಕೂಡದು. ಠಾಣೆ ಬದಲಾದಾಗಲೆಲ್ಲ ರೆಜಿಮೆಂಟಿನ ಡಾಕ್ಟರು ಆ ಹತ್ತು ಪ್ರಶ್ನೆಗಳನ್ನು ಕೇಳಲಿ, ಉತ್ತರ ಡಾಕ್ಟರ ಹತ್ತಿರವೇ ಉಳಿಯಲಿ.

ಒಂದು ಒಳ್ಳೆಯ ಬೆಳವಣಿಗೆ ಆಗಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತದೆ. 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಅದರದ್ದೇ ಪ್ರತ್ಯೇಕ ವಿಭಾಗ ತೆರೆಯಿತು. ಬದುವಿನ ಜಗಳ ಕೇಳಿ ಬಂಡೆಯ ಹತ್ತಿರ ನಿಂತವನಿಗೆ ಡಯಲ್ ಮಾಡಲು ಒಂದು ಸಂಖ್ಯೆಯಾದರೂ ಇದೆ. ಆ ಸಂಖ್ಯೆ ಕ್ಯಾಂಟೀನಿನ ಬಿಲ್ಲಿನ ಮೇಲೆ ಅಚ್ಚಾಗಿರಬೇಕೆಂದು ನನ್ನ ಆಸೆ.

ಉಳಿಯುವುದು ನಿವೃತ್ತರ ಮಾತು. ಜವಾನ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲೇ ಹೊರಬರುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಸಿಗುತ್ತದೆ, ಮನೆಯವರು ಊರಲ್ಲಿರುತ್ತಾರೆ, ನಿದ್ದೆ ಮತ್ತೆ ತಲೆಕೆಳಗಾಗುತ್ತದೆ. ಕ್ಯಾಂಟೀನ್ ಕಾರ್ಡು ಅವನ ಜೇಬಿನಲ್ಲಿ ಬಂದಿದೆ. ಅವನ ಮನಸ್ಸಿನ ಚರಿತ್ರೆಯನ್ನು ಬಲ್ಲ ಡಾಕ್ಟರು, ಜೋಡಿದಾರ, ಸುಬೇದಾರ್ ಸಾಬ್ ಯಾರೂ ಬಂದಿಲ್ಲ. ಮಾಜಿ ಸೈನಿಕರಿಗಾಗಿ 2003ರಿಂದ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕುಗಳಿವೆ. ಅಲ್ಲಿ ಸಕ್ಕರೆ, ಬಿ.ಪಿ. ನೋಡುವಷ್ಟೇ ವಾಡಿಕೆಯಾಗಿ ಕುಡಿತವನ್ನೂ ನಿದ್ದೆಯನ್ನೂ ವಿಚಾರಿಸುವಂತಾಗಬೇಕು. ಸೇವೆಯಲ್ಲಿದ್ದಾಗ ಚಿಕಿತ್ಸೆ ಪಡೆದವನ ಕಡತ, ಅವನ ಒಪ್ಪಿಗೆಯೊಂದಿಗೆ, ಅವನು ಊರು ಸೇರುವ ಮೊದಲೇ ಅಲ್ಲಿಗೆ ತಲುಪಿರಬೇಕು. ಬಿಡುಗಡೆಯ ದಿನ ಅವನ ಕಿಟ್ಟು, ಕಂಬಳಿ, ಬೂಟುಗಳನ್ನು ಎಣಿಸಿ ಸಹಿ ಹಾಕಿಸಿಕೊಳ್ಳುವ ವ್ಯವಸ್ಥೆಗೆ ಇದು ಹೆಚ್ಚಿನ ಕೆಲಸವಲ್ಲ.